ಹಳೆಯದಾದಷ್ಟೂ ಭಾರವಾಗುವ ಸ್ನ್ಯಾಪ್‌ಶಾಟ್

ಹಾಸನದಿಂದ ಅಣ್ಣನ ಮಗಳು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದ್ದಳು. "ಚಿಕ್ಕಪ್ಪ, ಪಾಸ್‌ವರ್ಡ್ ಸರಿಯಾಗೇ ಹಾಕ್ತಿದೀನಿ. ಒಂದು ಸಲ ಸ್ಕ್ರೀನ್ ಕಪ್ಪಗಾಗುತ್ತೆ, ಮತ್ತೆ ಅದೇ ಪಾಸ್‌ವರ್ಡ್ ಕೇಳುತ್ತೆ." ಎಂ.ಎ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿ ಅವಳ ಲ್ಯಾಪ್‌ಟಾಪಿನೊಳಗಿತ್ತು. ಅದನ್ನು ನಾನೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಕೊಡಿಸಿದ್ದು. ಸೆಕೆಂಡ್ ಹ್ಯಾಂಡ್, 120 ಜಿಬಿಯ ಎಸ್‌ಎಸ್‌ಡಿ, ಅದರಲ್ಲಿ ಲಿನಕ್ಸ್ ಮಿಂಟ್. ಪೆಟ್ಟಿಗೆಯ ಮೇಲೆ 120 ಎಂದಿದ್ದರೂ ಲಿನಕ್ಸ್ ಎಣಿಸುವ ಲೆಕ್ಕದಲ್ಲಿ ಅದು 111ರ ಚಿಲ್ಲರೆ.

ಹಿಂದಿನ ರಾತ್ರಿ ಏನು ಮಾಡಿದ್ದೆ ಎಂದು ಕೇಳಿದೆ. ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂತಂತೆ. ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲೆಂದು ಅದರ ಪ್ರತಿಯನ್ನು, ಅಂದರೆ ಸ್ನ್ಯಾಪ್‌ಶಾಟನ್ನು, ತೆಗೆದಿಡುವ ಟೈಮ್‌ಶಿಫ್ಟ್ ತೆರೆದು ಅಂಥ ಮೂರನ್ನು ಅಳಿಸಿದಳಂತೆ. "ಹಳೇದು ಮುಖ್ಯ ಇರಬಹುದು ಅಂತ ಹೊಸದನ್ನೇ ಅಳಿಸಿದೆ. ಜಾಗ ಏನೂ ಬರಲಿಲ್ಲ. ಒಂದು ಗಂಟೆ ಬಿಟ್ಟು ನೋಡಿದ್ರೆ ಇನ್ನೊಂದು ಹೊಸದು ಬಂದು ಕೂತಿತ್ತು." ಅವಳು ಮಾಡಿದ್ದರಲ್ಲಿ ಅವಿವೇಕವೇನೂ ಇಲ್ಲ. ಲಿನಕ್ಸ್ ಬಳಸುವ ಅನೇಕರು ಹಾಗೆಯೇ ಮಾಡುತ್ತಾರೆ. ಈ ವಾರ ಇದನ್ನೇ ಬರೆಯಬೇಕೆಂದು ಕೂತದ್ದು ಆ ಕಾರಣಕ್ಕೆ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಲು ಹೇಳಿದೆ. ಬರೀ ಅಕ್ಷರಗಳ ಕಪ್ಪು ಪರದೆ ಬಂತು. ಅಲ್ಲಿ ಅದೇ ಪಾಸ್‌ವರ್ಡ್ ಕೊಟ್ಟಾಗ ಯಂತ್ರ ತಕರಾರಿಲ್ಲದೆ ಒಳಗೆ ಬಿಟ್ಟಿತು. ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಡಿಎಫ್ ಕಮಾಂಡ್ ಕೊಟ್ಟರೆ ರೂಟ್ ಪಾರ್ಟಿಷನ್ ಎದುರು 100 ಪರ್ಸೆಂಟ್. ಡೆಸ್ಕ್‌ಟಾಪ್ ಏಳಬೇಕಾದರೆ ಬಳಕೆದಾರರ ಮನೆ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಬರೆಯಬೇಕು. ಅಷ್ಟಕ್ಕೂ ಜಾಗವಿಲ್ಲದೆ ಅದು ಬಿದ್ದು ಹೋಗುತ್ತದೆ, ನೀವು ಮತ್ತೆ ಪಾಸ್‌ವರ್ಡ್ ಬಾಗಿಲಿಗೇ ಬಂದು ನಿಲ್ಲುತ್ತೀರಿ. ಇಂಥ ಹೊತ್ತಿಗೆಂದೇ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ 5 ಪರ್ಸೆಂಟ್ ಜಾಗವನ್ನು ರೂಟ್ ಎಂಬ ಆಡಳಿತ ಬಳಕೆದಾರನಿಗೆ ಕಾದಿರಿಸುತ್ತದೆ. ಟೈಮ್‌ಶಿಫ್ಟ್ ಕೆಲಸ ಮಾಡುವುದೇ ರೂಟ್ ಹಕ್ಕಿನಿಂದ. ಹಾಗಾಗಿ ಕಾದಿರಿಸಿದ ಆ ಜಾಗಕ್ಕೂ ಅದು ಕೈ ಹಾಕಬಲ್ಲದು.

ಟೈಮ್‌ಶಿಫ್ಟ್ ಪಟ್ಟಿ ಹಾಕಿಸಿದೆ. ಸಾಲುಗಳು ಪರದೆಯ ಉದ್ದಕ್ಕೂ ಬಂದವು. ಮೊದಲ ಸಾಲು, ಅಂದರೆ ಎಲ್ಲಕ್ಕಿಂತ ಹಳೆಯದು, ಎರಡು ತಿಂಗಳ ಹಿಂದಿನದು. ಅದೊಂದನ್ನೇ ಅಳಿಸು ಎಂದೆ. ಹಳೇದಾ, ಖಂಡಿತಾನಾ ಎಂದು ಎರಡೆರಡು ಸಲ ಕೇಳಿ, ಆಮೇಲೆ ಅಳಿಸಿದಳು. ಕೆಲವು ನಿಮಿಷ ಹಿಡಿಯಿತು. ಮತ್ತೆ ಡಿಎಫ್ ಕೊಟ್ಟಾಗ ಏಳು ಜಿಬಿ ಖಾಲಿ. ರಾತ್ರಿ ಮೂರು ಅಳಿಸಿದರೂ ಸಿಗದ ಜಾಗ ಬೆಳಿಗ್ಗೆ ಒಂದರಲ್ಲಿ ಸಿಕ್ಕಿತು.

ಯಾಕೆ ಹೀಗೆ ಎನ್ನುವುದು ಗೊತ್ತಾದರೆ ಮುಂದಿನದೆಲ್ಲ ತಾನೇ ಬಿಡಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಫೈಲಿನ ಹೆಸರು ಬೇರೆ, ಫೈಲಿನ ಒಡಲು ಬೇರೆ. ಒಡಲಿಗೆ ಐನೋಡ್ ಎಂಬ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಎಷ್ಟು ಹೆಸರು ಬೇಕಾದರೂ ಅಂಟಿಸಬಹುದು. ಇದಕ್ಕೆ ಹಾರ್ಡ್ ಲಿಂಕ್ ಎನ್ನುತ್ತಾರೆ. ಮನೆಯಲ್ಲಿ ಪುಟ್ಟ, ಹಾಜರಿ ಪುಸ್ತಕದಲ್ಲಿ ಪರಮೇಶ್ವರ, ಹುಡುಗ ಮಾತ್ರ ಒಬ್ಬನೇ. ಹಾಜರಿಯಿಂದ ಹೆಸರು ಹೊಡೆದು ಹಾಕಿದರೆ ಹುಡುಗ ಎಲ್ಲಿಗೂ ಹೋಗುವುದಿಲ್ಲ. ಕೊನೆಯ ಹೆಸರೂ ಅಳಿದಾಗಲೇ ಡಿಸ್ಕಿನಲ್ಲಿ ಜಾಗ ತೆರವಾಗುವುದು. ಯುನಿಕ್ಸಿನಲ್ಲಿ ಇದು 1970ರ ದಶಕದ ಆರಂಭದಿಂದಲೂ ಇದೆ. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಹೊರತಂದ ಆರ್‌ಸಿಂಕ್ ಎಂಬ ನಕಲು ಸಾಧನಕ್ಕೆ ಮುಂದೆ ಇದನ್ನು ಜೋಡಿಸಿದರು. ಟೋನಿ ಜಾರ್ಜ್ ಬರೆದ ಟೈಮ್‌ಶಿಫ್ಟ್ ನಿಂತಿರುವುದು ಈ ಜೋಡಿಯ ಮೇಲೆ. 2017ರ ನವೆಂಬರಿನ ಮಿಂಟ್ 18.3ರಿಂದ ಅದು ಮಿಂಟಿನ ಜೊತೆಯಲ್ಲೇ ಬರುತ್ತಿದೆ. 2022ರಲ್ಲಿ ಮಿಂಟ್ ತಂಡವೇ ಅದರ ಪಾಲನೆ ವಹಿಸಿಕೊಂಡಿತು. ಒಂದು ಕಾಲಕ್ಕೆ ಅಪ್‌ಡೇಟುಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಕೆಲವನ್ನು ಕಣ್ಣಿಗೇ ಬೀಳದಂತೆ ಇಡುತ್ತಿದ್ದ ಮಿಂಟ್, 19ನೇ ಆವೃತ್ತಿಯಿಂದ ಎಲ್ಲವನ್ನೂ ಹಾಕಿಕೊಳ್ಳಿ ಎನ್ನತೊಡಗಿತು. ಹಿಂದಿರುಗಲು ಸ್ನ್ಯಾಪ್‌ಶಾಟ್ ಇದೆಯಲ್ಲ ಎಂಬ ಧೈರ್ಯ ಅದು. ನನ್ನ ಮಟ್ಟಿಗೆ ಮಿಂಟ್ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರವೂ ಅದೇ.

ಟೈಮ್‌ಶಿಫ್ಟಿನ ಮೊದಲ ಸ್ನ್ಯಾಪ್‌ಶಾಟ್ ಇಡೀ ವ್ಯವಸ್ಥೆಯ ಪೂರ್ತಿ ನಕಲು. ಹಾರ್ಡ್ ಲಿಂಕಿನ ಹಂಚಿಕೆ ನಡೆಯುವುದು ಸ್ನ್ಯಾಪ್‌ಶಾಟ್‌ಗಳ ನಡುವೆ ಮಾತ್ರ, ನಡೆಯುತ್ತಿರುವ ವ್ಯವಸ್ಥೆಯ ಜೊತೆ ಅಲ್ಲ. ವ್ಯವಸ್ಥೆ 14 ಜಿಬಿ ಇದ್ದರೆ ಮೊದಲ ದಿನವೇ 14 ಜಿಬಿ ಹೋಯಿತು. ಆಮೇಲೆ ಬರುವ ಪ್ರತಿಯೊಂದೂ ಬದಲಾದ ಫೈಲುಗಳನ್ನಷ್ಟೇ ಹೊಸದಾಗಿ ತರುತ್ತದೆ, ಉಳಿದವಕ್ಕೆ ಹೆಸರು ಮಾತ್ರ ಅಂಟಿಸಿಕೊಳ್ಳುತ್ತದೆ. ಆದ್ದರಿಂದ ಈಗ ತಾನೇ ಹುಟ್ಟಿದ ಸ್ನ್ಯಾಪ್‌ಶಾಟಿಗೆ ಭಾರವೇ ಇಲ್ಲ. ದಿನ ಕಳೆದಂತೆ ಕರ್ನಲ್ ಬದಲಾಗುತ್ತದೆ, ಫೈರ್‌ಫಾಕ್ಸ್ ಬದಲಾಗುತ್ತದೆ, ಲಿಬ್ರೆಆಫೀಸ್ ಬದಲಾಗುತ್ತದೆ. ಹೊಸ ಸ್ನ್ಯಾಪ್‌ಶಾಟ್‌ಗಳು ಹೊಸ ಫೈಲುಗಳ ಕಡೆ ಸರಿಯುತ್ತವೆ. ಹಳೆಯ ಫೈಲುಗಳನ್ನು ಹಿಡಿದು ನಿಂತವನು ಹಳಬನೊಬ್ಬನೇ ಆಗುತ್ತಾನೆ. ಸುಮ್ಮನೆ ಕೂತಲ್ಲೇ ಅವನ ಭಾರ ಏರುತ್ತಾ ಹೋಗುತ್ತದೆ. ಎಷ್ಟು ಸ್ನ್ಯಾಪ್‌ಶಾಟ್ ಇವೆ ಎಂದು ಎಣಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅತಿ ಹಳೆಯದು ಎಷ್ಟು ಹಿಂದಿನದು ಎಂದು ನೋಡಬೇಕು.

ಇದನ್ನು ಕಣ್ಣಾರೆ ಕಾಣಲು ನನಗೆ ಬಹಳ ಪ್ರಿಯವಾದ ಒಂದು ಉಪಾಯವಿದೆ. ಸ್ನ್ಯಾಪ್‌ಶಾಟ್ ಫೋಲ್ಡರುಗಳ ಗಾತ್ರವನ್ನು ಡಿಯು ಕಮಾಂಡಿನಿಂದ ಒಂದೊಂದಾಗಿ ಅಳೆದರೆ ಪ್ರತಿಯೊಂದೂ 14 ಜಿಬಿ ಎಂದೇ ತೋರಿಸುತ್ತದೆ. ಇಪ್ಪತ್ತಿದ್ದರೆ ಒಟ್ಟು 280, ಡಿಸ್ಕ್ ಇರುವುದೇ 111! ಆ ಲೆಕ್ಕ ನೋಡಿ ಗಾಬರಿಯಾದವರಿದ್ದಾರೆ. ಆದರೆ ಎಲ್ಲವನ್ನೂ ಒಂದೇ ಡಿಯು ಕಮಾಂಡಿಗೆ ಒಟ್ಟಿಗೆ ಕೊಟ್ಟರೆ, ಒಮ್ಮೆ ಎಣಿಸಿದ ಐನೋಡನ್ನು ಅದು ಮತ್ತೆ ಎಣಿಸುವುದಿಲ್ಲ. ಈಗ ಫೋಲ್ಡರುಗಳನ್ನು ಹಿಂದುಮುಂದಾಗಿ ಕೊಡಿ, ಹೊಸದು ಮೊದಲು, ಹಳೆಯದು ಕೊನೆಗೆ. ಫೋಲ್ಡರಿನ ಹೆಸರೇ ತಾರೀಖು ಆಗಿರುವುದರಿಂದ ಇದು ಸುಲಭ. ಕೊನೆಯ ಸಾಲಿನಲ್ಲಿ ಬರುವ ಅಂಕಿ ಬೇರೆ ಯಾರ ಬಳಿಯೂ ಇಲ್ಲದ, ಆ ಹಳಬನೊಬ್ಬನೇ ಹೊತ್ತಿರುವ ಭಾರ. ಅದನ್ನು ಅಳಿಸಿದರೆ ಎಷ್ಟು ಜಾಗ ಸಿಗುತ್ತದೆ ಎಂಬುದು ಅಳಿಸುವ ಮೊದಲೇ ಗೊತ್ತಾಯಿತು. ಇಷ್ಟು ಕರಾರುವಾಕ್ಕಾದ ಉತ್ತರ ಕೊಡುವ ಸಾಧನ ಅರ್ಧ ಶತಮಾನದಿಂದ ನಮ್ಮ ಕೈಯಲ್ಲೇ ಇದೆ ಎನ್ನುವುದು ಪ್ರತಿ ಸಲವೂ ನನಗೆ ಖುಷಿ ಕೊಡುತ್ತದೆ.

ಇನ್ನು ಎಷ್ಟು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ. ಟೈಮ್‌ಶಿಫ್ಟಿನಲ್ಲಿ ತಿಂಗಳಿಗೆ, ವಾರಕ್ಕೆ, ದಿನಕ್ಕೆ, ಗಂಟೆಗೆ, ಬೂಟಿಗೆ (ಯಂತ್ರ ಎದ್ದಾಗಲೊಮ್ಮೆ) ಎಂದು ಐದು ಬಗೆ. ಅದು ಮೊದಲೇ ಇಟ್ಟಿರುವ ಅಂಕಿಗಳು ಕ್ರಮವಾಗಿ 2, 3, 5, 6, 5. ಐದಕ್ಕೂ ಟಿಕ್ ಹಾಕಿದರೆ 21ರವರೆಗೆ ಹೋಗಬಹುದು. ನಮ್ಮ ಹುಡುಗಿ ಐದಕ್ಕೂ ಹಾಕಿದ್ದಳು, ಹೆಚ್ಚು ಇದ್ದಷ್ಟೂ ಕ್ಷೇಮ ಎಂದು. ಆದರೆ ಎರಡು ತಿಂಗಳ ಹಿಂದಿನ ಸ್ಥಿತಿಗೆ ಯಾರು ಹೋಗುತ್ತಾರೆ? ನಿನ್ನೆ ಹಾಕಿದ ಅಪ್‌ಡೇಟಿನಿಂದ ವೈಫೈ ನಿಂತಿತು ಎಂದರೆ ಬೇಕಾಗುವುದು ಮೊನ್ನೆಯ ಸ್ಥಿತಿ. ಎಷ್ಟೋ ವರ್ಷದ ಬಳಕೆಯಲ್ಲಿ ನಾನು ಹತ್ತು ದಿನಕ್ಕಿಂತ ಹಿಂದಕ್ಕೆ ಹೋದದ್ದಿಲ್ಲ. ಚಿಕ್ಕ ಡಿಸ್ಕಿನಲ್ಲಿ ನನ್ನ ಲೆಕ್ಕ ಇಷ್ಟೇ: ದಿನದ್ದು ಎರಡು, ವಾರದ್ದು ಒಂದು. ಗಂಟೆಯದ್ದು, ಬೂಟಿನದ್ದು, ತಿಂಗಳದ್ದು ಬೇಡ. ಗಂಟೆಯದ್ದು ಸದ್ದು ಮಾಡುತ್ತದೆಯೇ ಹೊರತು ಜಾಗ ಹೆಚ್ಚೇನೂ ತಿನ್ನುವುದಿಲ್ಲ. ಜಾಗ ನುಂಗುವುದು ತಿಂಗಳದ್ದು.

ಇವುಗಳ ಜೊತೆಗೆ ಕೈಯಾರೆ ತೆಗೆದದ್ದು ಒಂದು. ಕರ್ನಲ್ ಅಪ್‌ಡೇಟಿಗೆ ಮೊದಲು, ಡ್ರೈವರ್ ಬದಲಿಸುವ ಮೊದಲು ತಪ್ಪದೆ ತೆಗೆಯುತ್ತೇನೆ, ಜೊತೆಗೆ ಟಿಪ್ಪಣಿ ಬರೆಯುತ್ತೇನೆ. ಕೈಯಾರೆ ತೆಗೆದದ್ದನ್ನು ಟೈಮ್‌ಶಿಫ್ಟ್ ತಾನಾಗಿ ಎಂದೂ ಅಳಿಸುವುದಿಲ್ಲ. ನನ್ನ ಯಂತ್ರದಲ್ಲಿ "ಪ್ರಿಂಟರ್ ಕೆಲಸ ಮಾಡುತ್ತಿದ್ದ ದಿನ" ಎಂಬ ಟಿಪ್ಪಣಿಯದೊಂದು ಬಹಳ ಕಾಲ ಇತ್ತು. ಪ್ರಿಂಟರೇ ಮನೆಯಿಂದ ಹೋದ ಮೇಲೂ ಇತ್ತು. ಟಿಪ್ಪಣಿ ಇದ್ದದ್ದರಿಂದ ಅಳಿಸಬಹುದು ಎಂದು ತಿಳಿಯಿತು. ಬರೀ ತಾರೀಖು ಇದ್ದಿದ್ದರೆ ಅಳಿಸಲು ಧೈರ್ಯ ಬರುತ್ತಿರಲಿಲ್ಲ.

ಆರ್‌ಸಿಂಕ್ ಬಗೆಯಲ್ಲಿ ಇನ್ನೊಂದು ಕಟ್ಟುನಿಟ್ಟು ಇದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಇಡೀ ಫೈಲ್ ಹೊಸದಾಗಿ ನಕಲಾಗುತ್ತದೆ. 20 ಜಿಬಿಯ ವರ್ಚುವಲ್ ಮಷೀನ್ ಡಿಸ್ಕ್ ಫೈಲೊಂದು ವ್ಯವಸ್ಥೆಯ ಫೋಲ್ಡರಿನಲ್ಲಿ ಕೂತಿದ್ದು, ನೀವು ದಿನಾ ಅದನ್ನು ತೆರೆದು ಮುಚ್ಚುತ್ತಿದ್ದರೆ ದಿನಾ 20 ಜಿಬಿ. ಮೇಲೆ ಹೇಳಿದ ನನ್ನ ಲೆಕ್ಕವೆಲ್ಲ ಅಲ್ಲಿಗೆ ಮಣ್ಣುಪಾಲು. ಇಂಥದ್ದನ್ನು ಟೈಮ್‌ಶಿಫ್ಟಿನ ಫಿಲ್ಟರ್ ಪಟ್ಟಿಗೆ ಸೇರಿಸಿ ಹೊರಗಿಡಬೇಕು. ಫ್ಲ್ಯಾಟ್‌ಪ್ಯಾಕ್ ಮೂಲಕ ಹಾಕಿಕೊಂಡ ಆ್ಯಪುಗಳೂ ಅಷ್ಟೇ. ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದಾದ್ದನ್ನು ಕಾಪಾಡಿ ಪ್ರಯೋಜನವಿಲ್ಲ. ವ್ಯವಸ್ಥೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಬರೆಯುವ ಜರ್ನಲ್ ಎಂಬ ದಿನಚರಿ ಡಿಸ್ಕಿನ ಹತ್ತರಲ್ಲಿ ಒಂದು ಪಾಲು, ಗರಿಷ್ಠ 4 ಜಿಬಿವರೆಗೆ ಬೆಳೆಯಬಹುದು. ಸದಾ ಬದಲಾಗುವ ಅದರ ಫೈಲುಗಳು ಪ್ರತಿ ಸ್ನ್ಯಾಪ್‌ಶಾಟಿಗೂ ಹೊಸದೇ. ಅದಕ್ಕೆ 200 ಎಂಬಿಯ ಮಿತಿ ಹಾಕಿದರೆ ಮನೆಬಳಕೆಗೆ ಧಾರಾಳ. ಒಂದು ಮಾತು ನೆನಪಿರಲಿ: ಫಿಲ್ಟರ್ ಹಾಕಿದ್ದು ಮುಂದೆ ಬರುವ ಸ್ನ್ಯಾಪ್‌ಶಾಟಿಗೆ. ಹಳೆಯವು ಹೊತ್ತದ್ದನ್ನು ಹೊತ್ತೇ ಇರುತ್ತವೆ.

ಇಎಕ್ಸ್‌ಟಿ4 ಬದಲು ಬಿಟಿಆರ್‌ಎಫ್‌ಎಸ್ ಹಾಕಿಕೊಳ್ಳಲೇ ಎಂದು ಕೇಳುವವರಿದ್ದಾರೆ. 2007ರಲ್ಲಿ ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ ಆರಂಭಿಸಿದ, 2009ರಲ್ಲಿ ಲಿನಕ್ಸ್ ಕರ್ನಲ್ ಸೇರಿದ ಫೈಲ್ ವ್ಯವಸ್ಥೆ ಅದು. ಫೆಡೋರಾ ಲಿನಕ್ಸ್ 2020ರಲ್ಲಿ ಡೆಸ್ಕ್‌ಟಾಪಿಗೆ ಅದನ್ನೇ ಮೊದಲ ಆಯ್ಕೆ ಮಾಡಿತು. ಅದರಲ್ಲಿ ಸ್ನ್ಯಾಪ್‌ಶಾಟ್ ನಡೆಯುತ್ತಿರುವ ವ್ಯವಸ್ಥೆಯ ಜೊತೆಗೇ ಹಂಚಿಕೊಳ್ಳುತ್ತದೆ, ಮೊದಲ ದಿನದ 14 ಜಿಬಿ ಉಳಿಯುತ್ತದೆ. ಫೈಲಿನಲ್ಲಿ ಬದಲಾದ ತುಂಡಷ್ಟೇ ಹೊಸದು. ಚಿಕ್ಕ ಡಿಸ್ಕಿಗೆ ಇದು ನಿಜಕ್ಕೂ ದೊಡ್ಡ ಉಳಿತಾಯ. ಆದರೆ ಅದು ಪೂರ್ತಿ ತುಂಬಿದಾಗ ಪೇಚು ಹೆಚ್ಚು, ಏಕೆಂದರೆ ಅಳಿಸುವುದಕ್ಕೂ ಅದಕ್ಕೆ ಸ್ವಲ್ಪ ಖಾಲಿ ಜಾಗ ಬೇಕು. ಅಳಿಸಿದ ಜಾಗವೂ ಕೂಡಲೇ ಕಾಣುವುದಿಲ್ಲ, ಹಿನ್ನೆಲೆಯಲ್ಲಿ ನಿಧಾನವಾಗಿ ಮರಳುತ್ತದೆ. ಇಲ್ಲಿ ಓಪನ್‌ಸೂಸೆ ಲಿನಕ್ಸಿನ ಸ್ನ್ಯಾಪರ್ ಎಂಬ ಸ್ನ್ಯಾಪ್‌ಶಾಟ್ ಸಾಧನ ನನಗೆ ಬಹಳ ಮೆಚ್ಚುಗೆ. ಎಷ್ಟು ಸಂಖ್ಯೆ ಎಂಬುದರ ಜೊತೆಗೆ ಡಿಸ್ಕಿನ ಎಷ್ಟು ಪಾಲು ಎಂದೂ ಅದು ನೋಡುತ್ತದೆ. ಸ್ನ್ಯಾಪ್‌ಶಾಟ್‌ಗಳು ಅರ್ಧ ಡಿಸ್ಕ್ ದಾಟಬಾರದು, ಐದರಲ್ಲಿ ಒಂದು ಪಾಲು ಖಾಲಿ ಇರಬೇಕು ಎಂಬ ಮಿತಿ ಅದರ ಸೆಟ್ಟಿಂಗಿನಲ್ಲೇ ಬರೆದಿರುತ್ತದೆ. ಟೈಮ್‌ಶಿಫ್ಟಿಗೂ ಇಂಥ ಕಣ್ಣು ಬರಲಿ ಎಂಬುದು ನನ್ನ ಬಹುದಿನದ ಆಸೆ.

ಎಲ್ಲಕ್ಕಿಂತ ಒಳ್ಳೆಯ ದಾರಿ ಸ್ನ್ಯಾಪ್‌ಶಾಟನ್ನು ಡಿಸ್ಕಿನಿಂದಲೇ ಆಚೆ ಇಡುವುದು. ಎಸ್‌ಎಸ್‌ಡಿ ಹಾಕಿಸುವಾಗ ತೆಗೆದ ಹಳೆಯ ಹಾರ್ಡ್ ಡಿಸ್ಕ್ ಎಷ್ಟೋ ಮನೆಗಳಲ್ಲಿ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಅದಕ್ಕೊಂದು ಯುಎಸ್‌ಬಿ ಕೇಸ್ ಹಾಕಿ, ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ವಿಂಡೋಸಿನ ಎನ್‌ಟಿಎಫ್‌ಎಸ್ ಆಗಲಿ ಪೆನ್‌ಡ್ರೈವಿನ ಫ್ಯಾಟ್ ಆಗಲಿ ಈ ಕೆಲಸಕ್ಕೆ ಬರುವುದಿಲ್ಲ. ವಾರಕ್ಕೊಮ್ಮೆ ಚುಚ್ಚಿ ಕೈಯಾರೆ ಒಂದು ತೆಗೆದರೆ ಸಾಕು. ಯಂತ್ರ ಏಳದೇ ಹೋದರೂ ಮಿಂಟಿನ ಲೈವ್ ಯುಎಸ್‌ಬಿಯಲ್ಲಿ ಟೈಮ್‌ಶಿಫ್ಟ್ ಇರುತ್ತದೆ, ಅಲ್ಲಿಂದಲೇ ಹಿಂದಿರುಗಬಹುದು. ಬರಹ, ಫೋಟೋಗಳ ಪ್ರತಿ ಬೇರೆಯೇ ಆಗಬೇಕು, ಅವು ಟೈಮ್‌ಶಿಫ್ಟಿಗೆ ಸೇರಿದ್ದಲ್ಲ. ಮನೆ ಫೋಲ್ಡರನ್ನು ಅದು ಬೇಕೆಂದೇ ಬಿಡುತ್ತದೆ. ವ್ಯವಸ್ಥೆಯನ್ನು ಕಳೆದ ಮಂಗಳವಾರಕ್ಕೆ ಒಯ್ದರೆ ಶುಕ್ರವಾರ ಬರೆದ ಅಧ್ಯಾಯ ಅಳಿದು ಹೋಗಬಾರದಲ್ಲ.

ಆ ಬೆಳಿಗ್ಗೆ ವರದಿ ಇದ್ದ ಹಾಗೇ ಸಿಕ್ಕಿತು. ತಿಂಗಳದ್ದು, ಗಂಟೆಯದ್ದು, ಬೂಟಿನದ್ದು ಟಿಕ್ ತೆಗೆಸಿದೆ. ಅಂದೇ ಕೈಯಾರೆ ಒಂದು ತೆಗೆದು ಅವಳೇ ಟಿಪ್ಪಣಿ ಬರೆದಳು: "ಪ್ರಾಜೆಕ್ಟ್ ಕೊಡುವ ತನಕ ಮುಟ್ಟಬಾರದು." ಅಂದು ಅದರ ಭಾರ ಕೆಲವೇ ಎಂಬಿ. ಹೋದ ವಾರ ಪ್ರಾಜೆಕ್ಟ್ ಕೊಟ್ಟು ಬಂದು ಸಂಜೆ ಫೋನ್ ಮಾಡಿದಳು. ಡಿಯುವನ್ನು ಹಿಂದುಮುಂದಾಗಿ ಹಾಕಿ ನೋಡಿದ್ದಳಂತೆ. ಕೊನೆಯ ಸಾಲಿನಲ್ಲಿ ನಾಲ್ಕೂವರೆ ಜಿಬಿ. ಫೋನ್ ಕಿವಿಯಲ್ಲಿ ಇಟ್ಟುಕೊಂಡೇ ಅಳಿಸಿದಳು. ಸ್ವಲ್ಪ ಹೊತ್ತು ಮಾತಿಲ್ಲ, ಕೀಲಿಗಳ ಸದ್ದು ಮಾತ್ರ. ಆಮೇಲೆ ಹೇಳಿದಳು, "ಹೌದು ಚಿಕ್ಕಪ್ಪ, ನಾಲ್ಕೂವರೆನೇ."