ಒಂದು ಮೂಕಚಿತ್ರದ ಪಾಠಶೋಧನೆ

ಆಫ್ರಿಕಾಮೂಲದ ಅಮೆರಿಕನ್ ಕಾದಂಬರಿಕಾರನಾದ ಆಸ್ಕರ್ ಮಿಶೋ (1884–1951) ಎಂಬಾತನು 1920ರಲ್ಲಿ ಹೊರತಂದ ‘ವಿದಿನ್ ಅವರ್ ಗೇಟ್ಸ್’ ಎಂಬ ಮೂಕಚಿತ್ರವು ನಷ್ಟವಾಯಿತೆಂದೇ ಬಹುಕಾಲ ಎಣಿಸಲ್ಪಟ್ಟಿತ್ತು. ಅದರ ಒಂದೇ ಒಂದು ಪ್ರತಿಯು ‘ಲಾ ನೆಗ್ರಾ’ ಎಂಬ ಹೆಸರಿನಲ್ಲಿ ಸ್ಪೇನ್ ದೇಶದ ಚಲಚ್ಚಿತ್ರ ಭಂಡಾರದಲ್ಲಿ ದೊರೆಯಿತು. ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು 1993ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದರು. ತಮ್ಮ ಜನರ ಹಳೆಯ ಚಿತ್ರಗಳನ್ನು ಹುಡುಕಿ, ಕೂಡಿಸಿ, ಪ್ರದರ್ಶಿಸಿ, 2000ದಲ್ಲಿ ಲೂಯಿಸ್ ಸ್ಪೆನ್ಸ್ ಅವರೊಡನೆ ಮಿಶೋನನ್ನು ಕುರಿತು ಗ್ರಂಥವನ್ನೂ ಬರೆದ ಪರ್ಲ್ ಬೌಸರ್ (1931–2023) ಅವರಂಥವರ ಶ್ರಮವು ಇಂಥ ಕೃತಿಗಳಿಗೆ ಮರಳಿ ಪ್ರೇಕ್ಷಕರನ್ನು ಒದಗಿಸಿತು.

ದೊರೆತುದಾದರೂ ಏನು? ಮೂಕಚಿತ್ರದ ನಡುನಡುವೆ ತೋರುವ ಬರಹದ ಫಲಕಗಳಲ್ಲಿ ಇಂಗ್ಲಿಷಿನವು ನಾಲ್ಕು ಮಾತ್ರ ಉಳಿದಿದ್ದುವು. ಮಿಕ್ಕವೆಲ್ಲ ಸ್ಪ್ಯಾನಿಷ್ ಭಾಷೆಯವು. ಸ್ಕಾಟ್ ಸಿಮನ್ ಅವರು ಇವನ್ನು ಮರಳಿ ಇಂಗ್ಲಿಷಿಗೆ ತಂದರು. ಸ್ಪೇನಿನ ಪ್ರೇಕ್ಷಕರಿಗಾಗಿ ಸೇರಿಸಿದ್ದ ವಿವರಣೆಗಳನ್ನು ತೆಗೆದು, ಮಿಶೋನ ಕಾದಂಬರಿಗಳನ್ನೂ, ಮೂಲ ಫಲಕಗಳೊಡನೆ ಉಳಿದಿರುವ ‘ಬಾಡಿ ಅಂಡ್ ಸೋಲ್’ (1925) ಎಂಬ ಅವನ ಚಿತ್ರವನ್ನೂ ಶೈಲಿಗೆ ಮಾದರಿಯಾಗಿ ಹಿಡಿದರು. ಸಂಸ್ಕೃತಜ್ಞರಿಗೆ ಈ ಮಾರ್ಗವು ಹೊಸದಲ್ಲ. ದಿಙ್ನಾಗನ ‘ಪ್ರಮಾಣಸಮುಚ್ಚಯ’ದ ಪ್ರಥಮ ಪರಿಚ್ಛೇದವನ್ನು ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ ಅವರು ಟಿಬೆಟ್ ಭಾಷಾಂತರದಿಂದ ಸಂಸ್ಕೃತಕ್ಕೆ ಮರಳಿ ತಂದರು. ಅದು 1930ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಅಲ್ಲಿ ಅರ್ಥವು ದಿಙ್ನಾಗನದು, ಪದಗಳು ಸಂಶೋಧಕರವು. ಹಾಗೆಯೇ ಈ ಫಲಕಗಳನ್ನು ನೋಡಿ ಮಿಶೋನ ಭಾಷೆಯು ಸಪ್ಪೆಯೆಂದೋ ಸರಳಸುಂದರವೆಂದೋ ಹೇಳುವ ವಿಮರ್ಶಕನು ಸಿಮನ್ ಅವರನ್ನು ವಿಮರ್ಶಿಸುತ್ತಾನೆಯೇ ಹೊರತು ಮಿಶೋನನ್ನಲ್ಲ.

ಇದು ಬರಿಯ ಪಂಡಿತರ ತಕರಾರಲ್ಲ. ನಾಯಿಕೆಯಾದ ಸಿಲ್ವಿಯಾಳ ಸಾಕುತಂದೆತಾಯಿಗಳನ್ನು ಬಿಳಿಯರ ಗುಂಪು ನೇಣು ಹಾಕಿದುದನ್ನು ತೋರಿಸಿದ ಮೇಲೆ, ಕೊನೆಯಲ್ಲಿ ನಾಯಕನು ಆಕೆಗೆ ದೇಶಾಭಿಮಾನವನ್ನು ಬೋಧಿಸುತ್ತಾನೆ. ಆ ಬೋಧೆಯು ಕರ್ತೃವಿನ ನಿಷ್ಠೆಯೋ, ವ್ಯಂಗ್ಯವೋ, ಸೆನ್ಸಾರಿನವರಿಗೆ ತೆತ್ತ ಸುಂಕವೋ? ಪದವೇ ಸಂದಿಗ್ಧವಾಗಿರುವಲ್ಲಿ ಧ್ವನಿಯನ್ನು ನಿರ್ಣಯಿಸುವುದೆಂತು?

ದೃಶ್ಯಗಳ ಜೋಡಣೆಯು, ನಡುವೆ ಕಿಂಚಿತ್ ಭಾಗವು ಲುಪ್ತವಾಗಿದ್ದರೂ, ಹೆಚ್ಚು ದೃಢವಾದ ಪ್ರಮಾಣ. ಒಂದೆಡೆ ನೇಣು, ಮತ್ತೊಂದೆಡೆ ಸಿಲ್ವಿಯಾಳ ಮೇಲೆ ಬಿಳಿಯನೊಬ್ಬನ ಬಲಾತ್ಕಾರದ ಯತ್ನ. ಇವೆರಡನ್ನೂ ಮಿಶೋ ಒಂದರೊಳಗೊಂದನ್ನು ಹೆಣೆದಿದ್ದಾನೆ. ಗ್ರಿಫಿತ್ತನ ‘ದಿ ಬರ್ತ್ ಆಫ್ ಎ ನೇಷನ್’ (1915) ಚಿತ್ರವು ಕೃಷ್ಣವರ್ಣೀಯರ ಮೇಲೆ ಹೊರಿಸಿದ್ದ ಆರೋಪಕ್ಕೆ ಇದು ನೇರವಾದ ಉತ್ತರ. ಇದಕ್ಕೆ ಫಲಕದ ಹಂಗಿಲ್ಲ. ಆದರೂ ಷಿಕಾಗೋ ನಗರದ ಮಂಡಳಿಯು, ಅಲ್ಲಿ 1919ರಲ್ಲಿ ನಡೆದ ಗಲಭೆಯನ್ನು ನೆನೆದು ಚಿತ್ರವನ್ನು ಮೊದಲು ತಡೆಯಿತು; ಬಳಿಕ ಊರಿಗೊಂದು ಬಗೆಯಾಗಿ ಕತ್ತರಿ ಬಿದ್ದಿತು. ಆದ್ದರಿಂದ ಸ್ಪೇನಿನ ಪ್ರತಿಯನ್ನು ಏಕೈಕ ಮೂಲವೆನ್ನದೆ ಒಂದು ಪಾಠವೆನ್ನುವುದೇ ಉಚಿತ. ಇದನ್ನು ಪ್ರದರ್ಶಿಸುವವರು ಆ ನಾಲ್ಕು ಮೂಲ ಫಲಕಗಳಿಗೆ ಒಂದು ಗುರುತನ್ನಿಟ್ಟು, ಮಿಕ್ಕವುಗಳ ಅಡಿಯಲ್ಲಿ ಸ್ಪ್ಯಾನಿಷ್ ಪಾಠವನ್ನೂ ತೋರಿಸತಕ್ಕದ್ದು.