ಡ್ಯಾಮ್ ತುಂಬಿತೋ, ರಿಸರ್ವಾಯರ್ ತುಂಬಿತೋ?

ಮಳೆಗಾಲದಲ್ಲಿ ಪಾಪಿನಾಯಕನಹಳ್ಳಿಯ ಕಡೆ ಯಾರು ಯಾರಿಗೆ ಎದುರಾದರೂ ಕೇಳುವ ಮಾತು ಒಂದೇ: ‘ಡ್ಯಾಮ್ ತುಂಬೈತಾ?’ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗೆ ಹೆಸರು ಕೊಟ್ಟ ಊರಿದು. ಹಾಗಾಗಿ ತುಂಗಭದ್ರಾ ಡ್ಯಾಮಿನ ಚಿಂತೆ ಸಹಜವೇ. ಮಾತಿನಲ್ಲಿ ಈ ಪ್ರಶ್ನೆಗೆ ಯಾವ ಕುಂದೂ ಇಲ್ಲ. ಆದರೆ ಇದನ್ನೇ ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬರೆದಾಗ ಎರಡು ಒಳ್ಳೆಯ ಪದಗಳ ನಡುವಿನ ಗೆರೆ ಅಳಿಸಿಹೋಗುತ್ತದೆ.

ಡ್ಯಾಮ್ ಎಂದರೆ ಕಟ್ಟೆ. ರಿಸರ್ವಾಯರ್ ಎಂದರೆ ಅದರ ಹಿಂದೆ ನೀರು ನಿಲ್ಲುವ ಜಾಗ. ಈ ಭೇದ ನಮಗೆ ಹೊಸದಲ್ಲ. ಕಮಲಾಪುರದಲ್ಲಿ ‘ಕೆರೆ ತುಂಬಿತು’ ಎನ್ನುತ್ತಾರೆಯೇ ಹೊರತು ‘ಏರಿ ತುಂಬಿತು’ ಎಂದು ಯಾರೂ ಅನ್ನುವುದಿಲ್ಲ. ಒಡೆಯುವುದು ಏರಿ, ಕೋಡಿ ಬೀಳುವುದು ಕೆರೆ. ಇಷ್ಟು ಸೂಕ್ಷ್ಮವಾಗಿ ಮಾತಾಡುವವರಿಗೆ ಇಂಗ್ಲಿಷಿನ ಈ ಜೋಡಿ ಕಷ್ಟವಾಗಬಾರದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯಲ್ಲಿ ಆದದ್ದನ್ನೇ ನೋಡಿ. ಚೈನು ತುಂಡಾಗಿ ಕೊಚ್ಚಿಹೋದ 19ನೇ ಗೇಟು ಡ್ಯಾಮಿನದು. ನೀರು ಕಳೆದುಕೊಂಡದ್ದು ರಿಸರ್ವಾಯರ್. ಮೊದಲು ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳಿನಿಂದ 105.788ಕ್ಕೆ ಇಳಿದದ್ದೂ ರಿಸರ್ವಾಯರಿನಲ್ಲಿ. ‘ಡ್ಯಾಮಿನ ಸಾಮರ್ಥ್ಯ ಕುಸಿಯಿತು’ ಎಂದು ಬರೆದರೆ ಓದುವ ಇಂಜಿನಿಯರ್ ಗೋಡೆಗೇನಾಯಿತೋ ಎಂದು ಗಾಬರಿಯಾದಾನು!

ವ್ಯಾಕರಣದಲ್ಲೂ ಇವುಗಳ ದಾರಿ ಬೇರೆ. ಡ್ಯಾಮ್ ನಾಮಪದವೂ ಹೌದು, ಕ್ರಿಯಾಪದವೂ ಹೌದು: ‘ದೆ ಡ್ಯಾಮ್ಡ್ ದ ರಿವರ್’ ಎನ್ನಬಹುದು. ರಿಸರ್ವಾಯರ್ ನಾಮಪದವಾಗಿಯೇ ಉಳಿಯುತ್ತದೆ. ಆದರೆ ‘ಆಫ್’ ಜೊತೆ ಸೇರಿ ‘ಎ ರಿಸರ್ವಾಯರ್ ಆಫ್ ಟ್ಯಾಲೆಂಟ್’ ಎಂದು ಪ್ರತಿಭೆಯ ಸಂಗ್ರಹಕ್ಕೂ ಸಲ್ಲುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಸ್ಥಳ ಹೇಳುವ ಪುಟ್ಟ ಪದಗಳು. ನಾವು ನಿಲ್ಲುವುದು ‘ಆನ್ ದ ಡ್ಯಾಮ್’, ನೀರು ನಿಲ್ಲುವುದು ‘ಬಿಹೈಂಡ್ ದ ಡ್ಯಾಮ್’, ಮೀನು ಇರುವುದು ‘ಇನ್ ದ ರಿಸರ್ವಾಯರ್’. ಇವನ್ನು ಸರಿಯಾಗಿ ಹಿಡಿದವರಿಗೆ ಅರ್ಥ ತಾನಾಗಿ ಒಲಿಯುತ್ತದೆ.

ಹಾಗೆಂದು ಯಾರನ್ನೂ ಹಂಗಿಸಬೇಡಿ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ಇಂಗ್ಲಿಷಿನಲ್ಲಿ ನಿಂತ ನೀರಿಗೇ ಡ್ಯಾಮ್ ಎನ್ನುವುದುಂಟು. ಅಲ್ಲಿ ‘ದ ಡ್ಯಾಮ್ ಈಸ್ ಫುಲ್’ ಶುದ್ಧ ವಾಕ್ಯ. ನಮ್ಮ ಪಠ್ಯ, ವರದಿ, ಅರ್ಜಿಗಳಲ್ಲಿ ಮಾತ್ರ ಗೇಟು, ಚೈನು, ಬಿರುಕುಗಳನ್ನು ಡ್ಯಾಮಿಗೆ ಕೊಡಿ; ಒಳಹರಿವು, ಹೂಳು, ಟಿಎಂಸಿಗಳನ್ನು ರಿಸರ್ವಾಯರಿಗೆ ಬಿಡಿ.