ಕಾಕೊಪೆಟ್ರಿಯದ ಛಾವಣಿಯ ದೇವಾಲಯ

ಸೈಪ್ರಸ್ ದ್ವೀಪದ ಟ್ರೂಡಸ್ ಪರ್ವತದ ಉತ್ತರ ಪಾರ್ಶ್ವದಲ್ಲಿ ಕಾಕೊಪೆಟ್ರಿಯವೆಂಬ ಗ್ರಾಮವಿರುವುದು. ಅದರ ಸಮೀಪದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಪ್ರಾಚೀನ ಶಿಲಾಮಂದಿರವೊಂದುಂಟು. ಕ್ರಿ. ಶ. 11ನೆಯ ಶತಮಾನದಲ್ಲಿ ಮಠವೊಂದರ ಪ್ರಧಾನ ದೇವಾಲಯವಾಗಿ ನಿರ್ಮಿತವಾದ ಇದು, ಮಠದ ಇತರ ಕಟ್ಟಡಗಳು ಅಳಿದ ಮೇಲೆಯೂ ಉಳಿದು ನಿಂತಿದೆ. ಸಂತ ನಿಕೊಲಾಸನ ಹೆಸರಿನ ಈ ಗುಡಿಯನ್ನು ಜನರು ‘ಸ್ತೇಗಿ’ಯ, ಎಂದರೆ ಛಾವಣಿಯ, ನಿಕೊಲಾಸನ ಗುಡಿಯೆಂದು ಕರೆಯುವರು.

ಮೂಲಕೃತಿಯು ಬೈಜಾಂಟಿಯಂ ಪದ್ಧತಿಯದು: ಚತುರಸ್ರದೊಳಗೆ ಶಿಲುಬೆಯ ಆಕಾರ, ನಡುವೆ ಗುಮ್ಮಟ. 12ನೆಯ ಶತಮಾನದ ಆದಿಯಲ್ಲಿ ಪಶ್ಚಿಮಕ್ಕೆ ಮುಖಮಂಟಪವು ಸೇರಿತು. ಅನಂತರ ಇವೆಲ್ಲವನ್ನೂ ಕವಿಯುವಂತೆ ಮರದ ತೊಲೆಗಳನ್ನಿಟ್ಟು, ಚಪ್ಪಟೆ ಹೆಂಚು ಹೊದಿಸಿ, ಕಡಿದಾದ ಇಳಿಜಾರಿನ ಎರಡನೆಯ ಮಾಡನ್ನು ಎತ್ತಿದರು. ಗುಮ್ಮಟವು ಮರೆಯಾಯಿತು. ದೂರದಿಂದ ನೋಡುವವರಿಗೆ ಇದೊಂದು ದೊಡ್ಡ ಉಗ್ರಾಣವೆಂದು ತೋರಿದರೆ ಆಶ್ಚರ್ಯವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಆ ಶಿಲ್ಪಪದ್ಧತಿಯಲ್ಲಿ ಗುಮ್ಮಟವು ಸ್ವರ್ಗದ ಪ್ರತಿರೂಪವಷ್ಟೆ. ಅದನ್ನು ಮುಚ್ಚಿದ ಮಾಡು ಆಗಂತುಕವಾದ ದೋಷ. ಅದನ್ನು ತೆಗೆದರೆ ಮೂಲರೂಪವು ಪ್ರಕಟವಾದೀತು, ಎಂದು. ಈ ವಾದವು ನಮಗೆ ಸಮ್ಮತವಲ್ಲ. ಹಿಮ ಬೀಳುವ ಬೆಟ್ಟದಲ್ಲಿ ಕಲ್ಲಿನ ಸಂದುಗಳಿಂದ ನೀರಿಳಿದರೆ ಗಾರೆ ಕೆಡುವುದು. ಗಾರೆ ಕೆಟ್ಟಲ್ಲಿ ಚಿತ್ರವೆಲ್ಲಿಯದು? ಒಳಗಣ ಭಿತ್ತಿಗಳಲ್ಲಿ 11ನೆಯ ಶತಮಾನದಿಂದ 17ನೆಯ ಶತಮಾನದವರೆಗಿನ ಚಿತ್ರಗಳಿವೆ. ಲಾಜರನ ಪುನರುಜ್ಜೀವನ, ಯೆರೂಸಲೇಮಿನ ಪ್ರವೇಶ ಇವು ಮೊದಲ ಕಾಲದವು. 14ನೆಯ ಶತಮಾನದ ಕ್ರಿಸ್ತಜನನದ ಚಿತ್ರವಂತೂ ಅಪೂರ್ವವಾದುದು. ಅದರಲ್ಲಿ ಮರಿಯಮ್ಮನು ಶಿಶುವಿಗೆ ಮೊಲೆಯೂಡುತ್ತಿರುವಳು. ಗಾಂಭೀರ್ಯವೇ ಪ್ರಧಾನವಾದ ಆ ಚಿತ್ರರೀತಿಯಲ್ಲಿ ವಾತ್ಸಲ್ಯವು ಇಷ್ಟು ನಿಸ್ಸಂಕೋಚವಾಗಿ ತಲೆದೋರುವುದು ವಿರಳ. ಹೊರಗಿನ ಗುಮ್ಮಟದ ಚೆಲುವಿಗಾಗಿ ಈ ತಾಯಿಮಕ್ಕಳನ್ನು ಮಳೆಗೆ ಒಡ್ಡುವುದು ಯಾವ ರಸಿಕತೆ?

ಪ್ರಸಂಗವಶಾತ್ ಒಂದು ಮಾತು. ಗ್ರೀಕರ ‘ಸ್ತೇಗಿ’ ಶಬ್ದವನ್ನೂ ನಮ್ಮ ‘ಸ್ಥಗ್’ ಧಾತುವನ್ನೂ ಭಾಷಾಶಾಸ್ತ್ರಜ್ಞರು ಒಂದೇ ಮೂಲಕ್ಕೆ ಸೇರಿಸುವರು. ಧಾತ್ವರ್ಥವು ಸಂವರಣ, ಹೊದಿಕೆ. ಕನ್ನಡದಲ್ಲಿ ‘ಸ್ಥಗಿತ’ವೆಂದರೆ ನಿಂತುಹೋದುದೆಂದೇ ರೂಢಿಯಾಗಿದೆಯಾದರೂ ಸಂಸ್ಕೃತದಲ್ಲಿ ಅದಕ್ಕೆ ಮುಚ್ಚಲ್ಪಟ್ಟುದೆಂಬ ಅರ್ಥವೂ ಉಂಟು. ಅದಂತಿರಲಿ.

ಆಗಂತುಕವೆಂಬ ಆಕ್ಷೇಪಕ್ಕೆ ಆ ಪರ್ವತದಲ್ಲಿಯೇ ಸಮಾಧಾನವಿರುವುದು. ಪೆಡೂಲಾಸ್ ಗ್ರಾಮದಲ್ಲಿ 1474ರಲ್ಲಿ ಕಟ್ಟಿದ ದೇವದೂತ ಮಿಖಾಯೇಲನ ಚಿಕ್ಕ ಗುಡಿಯನ್ನು ನೋಡಬೇಕು. ಕಾಕೊಪೆಟ್ರಿಯದಲ್ಲಿ ಮೇಲುಹೊದಿಕೆಯಾಗಿ ಬಂದ ಇಳಿಜಾರು ಮಾಡು ಅಲ್ಲಿ ಕಟ್ಟಡದ ಸ್ವರೂಪವೇ ಆಗಿದೆ. 1985ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಈ ಎರಡು ಗುಡಿಗಳನ್ನೂ ಸೇರಿಸಿಕೊಂಡಿತು. ಪೆಡೂಲಾಸಿನ ಮಾಡನ್ನು ತೆಗೆದು ನೋಡುವವರಿಗೆ ಕೆಳಗೆ ಗುಮ್ಮಟವೇ ಸಿಕ್ಕದು.